ಎರಡು ಸ್ವಿಚ್ಚಿನ ಬೇಲಿ

ಏಯ್, ಹಂಗಳದ ಬಸ್‌ಸ್ಟಾಪಲ್ಲಿ ಟೀ ಹಿಡ್ಕೊಂಡು ನಿಂತೋರೇ! ಅತ್ಲಾಗೆ ಗೊಬ್ಬರದಂಗ್ಡಿ ಜಗಲಿ ಮ್ಯಾಲೆ ಕುಂತೋರೇ! ವಸಿ ಇತ್ಲಾಗೆ ಕಿವಿ ಕೊಡ್ರಲಾ, ಬೇಲಿ ಕುಮಾರಿ ಕತೆ ಏಳ್ತೀನಿ.

ಕುಮಾರಿ ಗುಂಡ್ಲುಪೇಟೆಯಲ್ಲಿ ಐಟಿಐ ಓದಿದವಳು. ಕಾಡಂಚಿನ ಹೊಲಗಳ ಸೋಲಾರ್ ಬೇಲಿ ರಿಪೇರಿ ಅವಳ ಕಸುಬು. ಹೆಂಗಸಿಗೇಕೆ ಕರೆಂಟಿನ ಕೆಲಸ ಎಂದು ಒಬ್ಬ ಕೆನ್ನೆಗೆ ಹೊಡೆದಿದ್ದ. ಅವಳು ತಿರುಗಿಸಿ ಬಾರಿಸಿದಳು. ಮಾರನೆಯ ವಾರ ಅವನೇ ಬೇಲಿ ಹಾಕಿಸಿಕೊಂಡ.

ನಂಜುಂಡಪ್ಪನ ಚೆಂಡು ಹೂವಿನ ಹೊಲಕ್ಕೂ ಅವಳದೇ ಬೇಲಿ. ಒಂದು ಸ್ವಿಚ್ಚು ಪಂಪ್‌ಮನೆಯಲ್ಲಿ, ಇನ್ನೊಂದು ಹೊಲದ ಬಾಗಿಲಲ್ಲಿ. ಎರಡೂ ಹಾಕಿದರೆ ಮಾತ್ರ ತಂತಿಗೆ ಕರೆಂಟು. ಹೂ ಕೀಳಲು ಒಳಗೆ ಹೋಗುವವರು ಬಾಗಿಲಿನದನ್ನು ಆರಿಸಿದರೆ ಸಾಕು, ಜೀವ ಭದ್ರ.

"ಇದ್ನ ಕಂಪ್ಯೂಟರ್ನೋರು ಆಂಡ್ ಗೇಟ್ ಅಂತಾರೆ. ಅದೂ ಇರ್ಬೇಕು, ಇದೂ ಇರ್ಬೇಕು. ನಿಮ್ಮ ಮೊಬೈಲಿನ ಉಗುರಗಲದ ಚಿಪ್ಪಲ್ಲಿ ಇಂಥವು ಕೋಟಿಗಟ್ಲೆ ಅವೆ," ಎಂದಿದ್ದಳು.

"ನಿನ್ ಗೇಟು ಅಂದಿ ತಡುದ್ರೆ ಸಾಕು ಕಣಮ್ಮಿ," ಎಂದು ನಂಜುಂಡಪ್ಪ ನಕ್ಕಿದ್ದ.

ಮುಸ್ಸಂಜೆ ಆ ಬಾಗಿಲ ಬಳಿ ಆನೆ ನಿಂತಿರುತ್ತಿತ್ತು. ಅಲ್ಲಿಯವರೆಗೆ ಹೋಗಿ ಸ್ವಿಚ್ಚು ಹಾಕಲು ಅವನಿಗೆ ಭಯ. ಒಂದು ದಿನ ಸ್ವಿಚ್ಚುಗಳ ತಂತಿ ಜೋಡಣೆ ಬದಲಿಸಿದ: ಎರಡರಲ್ಲಿ ಯಾವುದನ್ನು ಹಾಕಿದರೂ ಕರೆಂಟು ಹರಿಯಬೇಕು. ಸೋಲಾರ್ ಬ್ಯಾಟರಿ ಸತ್ತಿದ್ದರಿಂದ ಜೀವ ತೆಗೆಯುವಂಥ ಪಂಪ್‌ಸೆಟ್ಟಿನ ಲೈನನ್ನೇ ಬೇಲಿಗೆ ಕೊಟ್ಟ. ಹೆಂಡತಿ ಶಿವರುದ್ರಮ್ಮನಿಗೆ ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಶಿವರುದ್ರಮ್ಮ ಬಾಗಿಲ ಸ್ವಿಚ್ಚು ಆರಿಸಿ ಒಳಗೆ ಹೋದಳು. ಪಂಪ್‌ಮನೆಯದು ಹಾಕಿಯೇ ಇತ್ತು. ತುಂಬಿದ ಹೂವಿನ ಚೀಲವನ್ನು ಆಚೆ ನೂಕಲು ಅವಳು ಕೆಳತಂತಿ ಎತ್ತಿ ಹಿಡಿದಿದ್ದಾಗ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬಂತು. ಬೆರಳು ತಂತಿಗೆ ಕಚ್ಚಿಕೊಂಡವು.

ಪಕ್ಕದ ಹೊಲಕ್ಕೆ ಬಂದಿದ್ದ ಕುಮಾರಿ ಕಿರುಚಾಟ ಕೇಳಿ ಓಡಿದಳು. ಎದುರಿಂದ ನಂಜುಂಡಪ್ಪ ಹೆಂಡತಿಯನ್ನು ಎಳೆಯಲು ಕೈ ಚಾಚಿ ಬರುತ್ತಿದ್ದ. ಮುಟ್ಟಿದರೆ ಅವನಿಗೂ ಕರೆಂಟು ಹೊಡೆಯುತ್ತದೆ, ಕೂಗಿದರೆ ಕೇಳುವವನಲ್ಲ. ಬಿದಿರಿನ ಗಳು ಕಿತ್ತು ಅವನ ಮೊಣಕಾಲಿಗೆ ಬೀಸಿದಳು. ಕೀಲು ಲಟಕ್ಕೆಂದಿತು. ಅವನು ಕುಸಿದ.

"ನನ್ನೇ ಒಡುದ್ಬುಟ್ಯೇನಮ್ಮಿ!"

ಬಾಗಿಲ ಸ್ವಿಚ್ಚು ಆರಿದೆ, ಆದರೂ ಕರೆಂಟಿದೆ. ಯಾರೋ ಸ್ವಿಚ್ಚಿನ ಜೋಡಣೆ ಬದಲಿಸಿದ್ದಾರೆ ಎಂದು ಅವಳಿಗೆ ಅಲ್ಲೇ ತಿಳಿಯಿತು. ಪಂಪ್‌ಮನೆಗೆ ಓಡಿ ಮೇನ್ ಸ್ವಿಚ್ಚು ಎಳೆದಳು.

ತಿರುಗಿ ಬರುವಷ್ಟರಲ್ಲಿ ಶಿವರುದ್ರಮ್ಮ ಮಣ್ಣಲ್ಲಿ ಬಿದ್ದಿದ್ದಳು. ಉಸಿರಿಲ್ಲ. ನಂಜುಂಡಪ್ಪ ಕುಂಟುತ್ತಾ ಬಂದು ಬದುವಿನ ಮೇಲಿದ್ದ ಮಚ್ಚು ಎತ್ತಿದ.

"ನಿನ್ ಬೇಲಿ ಕೊಂದಾಕ್ಬುಡ್ತಲ್ಲಮ್ಮಿ ನನ್ನೆಂಡ್ರ!"

ಮಚ್ಚು ಕುಮಾರಿಯ ಭುಜ ಸೀಳಿತು. ಅವಳು ಬಿದ್ದಿದ್ದ ಗಳು ಎತ್ತಿ ಅವನ ಮಣಿಕಟ್ಟಿಗೆ ಬಾರಿಸಿದಳು, ಮತ್ತೆ ಬಾರಿಸಿದಳು, ಮಚ್ಚು ಬೀಳುವವರೆಗೂ.

"ಆಮೇಲೆ ಕೊಚ್ಚಿ ನನ್ನ! ಈಗ ಆಂಬುಲೆನ್ಸ್‌ಗೆ ಫೋನ್ ಮಾಡಿ!"

ರಕ್ತ ಸುರಿಯುವ ಕೈಯಲ್ಲೇ ಶಿವರುದ್ರಮ್ಮನ ಎದೆ ಒತ್ತತೊಡಗಿದಳು. ಪಕ್ಕೆಲುಬು ಮುರಿದ ಸದ್ದು ಕೇಳಿದರೂ ನಿಲ್ಲಿಸಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಆಕೆ ಕೆಮ್ಮಿದಳು.

ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಶಿವರುದ್ರಮ್ಮನ ಎರಡು ಬೆರಳು ತೆಗೆದರು, ಜೀವ ಉಳಿಯಿತು. ಕುಮಾರಿಯ ಭುಜಕ್ಕೆ ಒಂಬತ್ತು ಹೊಲಿಗೆ.

ಸಂಜೆ ಅವಳು ಅದೇ ಹೊಲಕ್ಕೆ ಹೋದಳು. ಪಂಪ್‌ಸೆಟ್ಟಿನ ಲೈನನ್ನು ತುಂಡುತುಂಡಾಗಿ ಕತ್ತರಿಸಿದಳು. ಸ್ವಿಚ್ಚುಗಳನ್ನು ಮೊದಲಿನಂತೆ ಒಂದರ ಹಿಂದೆ ಒಂದು ಜೋಡಿಸಿ, ತನ್ನ ಬ್ಯಾಟರಿಯನ್ನೇ ಇಟ್ಟಳು. ಪಂಪ್‌ಮನೆಯದನ್ನು ಹಾಕಿದಳು, ಬಾಗಿಲಿನದನ್ನು ಆರಿಸಿದಳು. ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಬಂದಿದ್ದ ನಂಜುಂಡಪ್ಪ ದೂರವೇ ನಿಂತಿದ್ದ.

"ಮುಟ್ಟಿ," ಎಂದಳು.

"ಬ್ಯಾಡ ಕಣಮ್ಮಿ, ನಿನ್ ದಮ್ಮಯ್ಯ..."

"ನಿಮ್ಮೆಂಡ್ರು ದಿನಾ ಮುಟ್ತಿದ್ರಲ್ಲ."

ಅವಳು ಅವನ ಕೈ ಹಿಡಿದೆಳೆದು ತಂತಿಯ ಮೇಲೆ ಒತ್ತಿದಳು. ಕರೆಂಟು ಹೊಡೆಯಲಿಲ್ಲ; ಅವನೇ ತಂತಿಯನ್ನು ಮುಷ್ಟಿಯಲ್ಲಿ ಹಿಡಿಯುವವರೆಗೂ ಬಿಡಲಿಲ್ಲ.