ಝೆರಾಕ್ಸ್ ಮಾಮಾನ ಕಪ್ಪು ಗೆರೆ

ಇದನ್ನು ನೀವು ನಂಬುವುದಿಲ್ಲ. ನಂಬಿದರೆ ನನ್ನ ಮರ್ಯಾದೆ ಹೋಗುತ್ತದೆ!

ಸೇಡಂ ಬಸ್‌ಸ್ಟ್ಯಾಂಡಿನೆದುರು ಒಬ್ಬ ಝೆರಾಕ್ಸ್ ಮಾಮಾ ಇದ್ದರು. ಕನ್ನಡಕ ಹಣೆಗೇರಿಸಿ, ಪ್ರತಿ ಹಾಳೆಯನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು. ಯಾರು ಏನೇ ಹೇಳಲಿ, "ಸಬೂತ್ ಎಲ್ಲದ?" ಎಂದು ಪುರಾವೆ ಕೇಳುತ್ತಿದ್ದರು. ಮಳೆ ಬಂತೆಂದರೂ ಹೊರಗೆ ಕೈ ಚಾಚಿಯೇ ನಂಬುವವರು. ಪರೀಕ್ಷೆಯ ಸುಳ್ಳುಸುದ್ದಿ ಸಿಕ್ಕರಂತೂ ತಕ್ಷಣ ಸರ್ಕಾರದ ವೆಬ್‌ಸೈಟಿಗೆ ದೂರು ಹಾಕುತ್ತಿದ್ದರು.

ಮೆಡಿಕಲ್ ಎಂಟ್ರೆನ್ಸಿಗೆ ಎರಡೇ ದಿನವಿತ್ತು. ಅವರಲ್ಲೇ ಝೆರಾಕ್ಸ್ ಮಾಡಿಸಿದ್ದ ಹಳೆಯ ಮಾದರಿ ಪ್ರಶ್ನೆಪತ್ರಿಕೆಯ ಫೋಟೊ ತೆಗೆದು, 'ಪೇಪರ್ ಲೀಕ್ ಆಗ್ಯಾದ' ಎಂದು ಬರೆದು, ಅಪ್ಪನ ಮೊಬೈಲಿನಿಂದ ಟ್ಯೂಷನ್ ಗ್ರೂಪಿಗೆ ಬಿಟ್ಟೆ. ಸಂಜೆಯೊಳಗೆ ಅದು ವಾಡಿ, ಶಹಾಬಾದ ಸುತ್ತಿ ಚಿಂಚೋಳಿ ಮುಟ್ಟಿತು. ಚಿತ್ತಾಪುರದ ಗೆಳೆಯ ಅದನ್ನೇ ನನಗೆ ಕಳಿಸಿ, 'ಯಾರಿಗೂ ಹೇಳಬ್ಯಾಡಲೇ' ಎಂದ!

ಖುಷಿ ತಡೆಯದೆ ಅಂಗಡಿಗೆ ಓಡಿದೆ. ಮಾಮಾ ಅದರ ಪ್ರಿಂಟನ್ನೇ ಲೈಟಿಗೆ ಹಿಡಿದಿದ್ದರು.

"ಅಂಚಿಗಿ ಈ ಕಪ್ಪು ಗೆರಿ ನೋಡು. ನನ್ನ ಮಷೀನಿಂದೇ ಇದು. ಯಾವನೋ ಇಲ್ಲೇ ಝೆರಾಕ್ಸ್ ಮಾಡಿಸ್ಕೊಂಡು ಹೋಗ್ಯಾನ."

"ಸಬೂತ್ ಎಲ್ಲದ ಮಾಮಾ?" ಎಂದೆ, ನಗು ನುಂಗಿ.

"ಟ್ಯೂಷನ್ ಗ್ರೂಪಿನ್ಯಾಗ ಮೊದಲ ಕಳಿಸಿದವನ ನಂಬರ್ ಸಿಕ್ಕದ. ದೂರು ಹಾಕೂಕಿಂತ ಮುಂಚೆ ಒಮ್ಮೆ ಫೋನ್ ಹಚ್ಚಿ ನೋಡ್ತೀನಿ, ತಡಿ."

ಹಚ್ಚಿದರು. ಅಂಗಡಿಯ ಬಾಗಿಲಲ್ಲೇ ರಿಂಗಾಯಿತು. ನನ್ನನ್ನು ಕರೆಯಲು ಬಂದಿದ್ದ ಅಪ್ಪ, ಮೊಬೈಲು ಕಿವಿಗಿಟ್ಟುಕೊಂಡು ಒಳಗೆ ಕಾಲಿಟ್ಟರು.

"ಹಲೋ, ಯಾರ್ರಿ?"

ಮಾಮಾ ಕನ್ನಡಕ ಹಣೆಗೇರಿಸಿ, ಈ ಸಲ ನನ್ನನ್ನು ನೋಡಿದರು.