ಲಿಂಬೆ ಗಿಡದ ಮೇಲೆ ಬೀಗರ ಕರುಣೆ

ನೀರು ಕುಡಿಸಿದವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ನಾನು ಮಾಡಿದ್ದೇನೆ. ಹೋದ ದಸರೆಗೆ ಬಂದ ಸಿಟ್ಟು, ಇನ್ನೂ ಇಳಿದಿಲ್ಲ. ಇಳಿಸುವ ಇರಾದೆಯೂ ನನಗಿಲ್ಲ.

ಕುಡಿಸಿದವರು ನಮ್ಮ ಬೀಗರು, ನಿಡಗುಂದಿಯವರು. ಕುಡಿದದ್ದು ಲಚ್ಯಾಣದಲ್ಲಿರುವ ನನ್ನ ಲಿಂಬೆ ತೋಟ. ನಮ್ಮ ಇಂಡಿ ಸೀಮೆಯ ಲಿಂಬೆಯ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಹೊಟ್ಟೆ ತುಂಬ ನೀರು ಕೊಟ್ಟರೆ ಈ ಗಿಡ ಸುಖವಾಗಿ ಎಲೆ ಬಿಡುತ್ತ ಕೂತುಬಿಡುತ್ತದೆ, ಹೂವಿನ ಹಂಬಲವೇ ಇರುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ನಿಲ್ಲಿಸಿ ತಿಂಗಳಾದರೂ ಬಾಡಿಸಬೇಕು. ಎಲೆ ಮುದುಡಬೇಕು, ಉದುರಬೇಕು, ನೋಡಿದವರಿಗೆ ಸಂಕಟವಾಗಬೇಕು. ‘ಇನ್ನು ನಾನಂತೂ ಉಳಿಯುವುದಿಲ್ಲ, ಬೀಜವಾದರೂ ಉಳಿಯಲಿ’ ಎಂದು ಗಿಡಕ್ಕೆ ಅನ್ನಿಸುತ್ತದೋ ಏನೋ, ಆಮೇಲೆ ನೀರು ಸೋಕಿದರೆ ಸಾಕು, ಮೈತುಂಬ ಹೂವು. ಆ ಹೂವೇ ಬೇಸಿಗೆಯ ಕಾಯಿ, ಅದೇ ನಮ್ಮ ವರ್ಷದ ಫಸಲು. ತಡವಾಗಿ ಹೂ ಬಿಟ್ಟರೆ ಕಾಯಿ ಮಳೆಗಾಲಕ್ಕೆ ಬರುತ್ತದೆ. ಮಳೆಗಾಲದಲ್ಲಿ ಲಿಂಬೆಯನ್ನು ಯಾರು ಕೇಳುತ್ತಾರೆ?

ನಾನು ಸಿಂದಗಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದವನು. ಜೀವಿಗಳು ಪರಿಸರಕ್ಕೆ ಒಗ್ಗಿಕೊಳ್ಳುವ ಪಾಠ ಬಂತೆಂದರೆ ಮೈ ಉರಿಯುತ್ತಿತ್ತು. ಪುಸ್ತಕದ ತುಂಬ ಒಂಟೆ, ಹಿಮಕರಡಿ. ಹಿಮಕರಡಿ ಸಿಂದಗಿಗೆ ಯಾವ ಬಸ್ಸಿಗೆ ಬರುತ್ತದಂತೆ? ಕಿಟಕಿಯಾಚೆ ಬಿಳಿಜೋಳ ಮಟಮಟ ಮಧ್ಯಾಹ್ನ ಎಲೆ ಸುತ್ತಿಕೊಂಡು, ಬಿಸಿಲಿಗೆ ಆದಷ್ಟು ಕಡಿಮೆ ಮೈ ತೋರಿಸುತ್ತ ನಿಂತಿರುತ್ತಿತ್ತು. ಬಯಲಲ್ಲಿ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ, ತಮ್ಮ ನೆರಳನ್ನು ತಾವೇ ಮಾಡಿಕೊಳ್ಳುತ್ತಿದ್ದವು. ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಕರಿಮಣ್ಣಿನ ಎರೆಹೊಲ ಬೇಸಿಗೆಗೆ ಬಾಯಿ ಬಿಟ್ಟಾಗ ಆ ಬಿರುಕಿನೊಳಗೆ ಇಳಿದು ಮಳೆಗೆ ಕಾಯುವ ಕಪ್ಪೆಗಳಿಗಿಂತ ದೊಡ್ಡ ತಪಸ್ವಿಗಳು ಯಾರಿದ್ದಾರೆ? ಇದನ್ನೆಲ್ಲ ಹೇಳಿದರೆ ಹುಡುಗರು, “ಇದು ಪರೀಕ್ಷಾಕ್ಕ ಬರತೈತೇನ್ರಿ ಸರ್?” ಅನ್ನುತ್ತಿದ್ದರು. ಬರುತ್ತಿರಲಿಲ್ಲ.

ಬೀಗರೂ ಒಂದು ಜೀವಿ ಎಂಬುದಂತೂ ಯಾವ ಪಾಠದಲ್ಲೂ ಇರಲಿಲ್ಲ. ನಮ್ಮ ಬೀಗರು ಕಾಲುವೆಯ ದಂಡೆಯಲ್ಲಿ ಬೆಳೆದವರು. ಅಲ್ಲಿ ಗಿಡ ಬಾಡಿತೆಂದರೆ ಅದರ ಯಜಮಾನ ಸೋಮಾರಿ ಎಂದೇ ಅರ್ಥ. ದಸರೆಗೆ ಬನ್ನಿ ಕೊಡಲು ಬಂದು ಉಳಿದುಕೊಂಡಿದ್ದರು. ನಾನು ತೋಟಕ್ಕೆ ನೀರು ನಿಲ್ಲಿಸಿ ಆಗಿನ್ನೂ ಹತ್ತು ದಿನವಾಗಿತ್ತು, ಎಲೆ ಮುದುಡಲು ಶುರುವಾಗಿತ್ತಷ್ಟೇ. ಅವರಿಗೆ ಒಳ್ಳೆಯ ಊಟ ಹಾಕಬೇಕಲ್ಲ ಎಂದು ನಾನು ಬೆಳಿಗ್ಗೆಯೇ ಕಾಯಿಪಲ್ಯ ತರಲು ಇಂಡಿಗೆ ಹೋದೆ. ಮಧ್ಯಾಹ್ನ ಬಂದು ನೋಡುತ್ತೇನೆ, ಬೋರಿನ ಮೋಟರು ಗುಂಯ್ ಅನ್ನುತ್ತಿದೆ. ಪ್ರತಿ ಗಿಡದ ಬುಡದಲ್ಲೂ ನೀರು ತುಂಬಿ ತುಳುಕುತ್ತಿದೆ. ಬೀಗರು ಧೋತರ ಮೇಲೆ ಕಟ್ಟಿ, ಸಲಿಕೆ ಹಿಡಿದು, ಕೆಸರಿನಲ್ಲಿ ನಗುತ್ತ ನಿಂತಿದ್ದಾರೆ.

“ಪಾಪ, ಎಷ್ಟ ಬಾಡಿದ್ವು ನೋಡ್ರಿ ಬೀಗರ! ನೀವು ಸಾಲಿ ಮಾಸ್ತರ್ರು, ನಿಮಗೆಲ್ಲಿ ತಿಳೀಬೇಕು. ಪೂರಾ ತ್ವಾಟ ತೋಯಿಸೇನಿ.”

ಆಗ ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅಲ್ಲಿ ಆಡುವಂತೆಯೂ ಇರಲಿಲ್ಲ. ನನ್ನ ಒಬ್ಬಳೇ ಮಗಳು ಅವರ ಸೊಸೆ. ಜಾಲಿ ಗಿಡ ಬಿಸಿಲಿಗೆ ಅಂಜಿ ಎಲೆಯನ್ನು ಸಣ್ಣದು ಮಾಡಿಕೊಂಡ ಹಾಗೆ ಹೆಣ್ಣು ಕೊಟ್ಟವನು ನಾಲಿಗೆಯನ್ನು ಸಣ್ಣದು ಮಾಡಿಕೊಂಡಿರುತ್ತಾನೆ. “ಭಾಳ ಛಲೋ ಮಾಡಿದ್ರಿ” ಎಂದು ಹಲ್ಲು ಬಿಟ್ಟೆ. ಅವರು ನಂಬಿದರು. ಹೊರಡುವಾಗ, “ವಾರಕ್ಕೊಮ್ಮಿ ಹೀಂಗ ಬಿಡ್ರಿ” ಎಂದು ಉಪದೇಶವನ್ನೂ ಕೊಟ್ಟು ಹೋದರು.

ಗಿಡಗಳು ಹಚ್ಚಹಸಿರಾದವು. ಎಲೆಯೋ ಎಲೆ! ದಾರಿಯಲ್ಲಿ ಹೋಗುವವರು ನಿಂತು ಹೊಗಳುತ್ತಿದ್ದರು. ಹೂವು ಮಾತ್ರ ಬರಲಿಲ್ಲ. ಅಷ್ಟು ದೊಡ್ಡ ತೋಟದ ಯಜಮಾನನಾದ ನಾನು ಬೇಸಿಗೆಯಲ್ಲಿ ಇಂಡಿ ಪೇಟೆಗೆ ಹೋಗಿ ಲಿಂಬೆಹಣ್ಣು ಕೊಂಡು ತಂದೆ. ತರುವಾಗ ಗುರುತಿನವರು ಕಂಡಾರೆಂದು ಚೀಲದಲ್ಲಿ ಮೇಲೆ ಮೆಂತೆಪಲ್ಯ ಹೊದಿಸಿದ್ದೆ.

ಯಾಕೆ ತಂದೆನೆಂದರೆ ಬೀಗರು ಬಂದಿದ್ದರು, ಮಗಳನ್ನು ಕರೆದುಕೊಂಡು. ನನ್ನ ಹೆಂಡತಿ ಶರಬತ್ತು ಮಾಡಿ ಕೊಟ್ಟಳು. ಬೀಗರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. “ಏನ್ ರುಚಿರಿ! ನಾ ಅವತ್ತ ನೀರ ಬಿಡದಿದ್ರ ಎಲ್ಲಿ ಬರತಿದ್ವು ಈ ಕಾಯಿ?”

ನಾನು ಹೌದ್ರಿ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಗಳು ನಕ್ಕಳು. “ಮಾವಾರ, ಇವು ಪ್ಯಾಟ್ಯಾನ ಕಾಯಿ. ಲಿಂಬಿ ಹೂ ಬಿಡಬೇಕಂದ್ರ ಮೊದಲ ಪೂರಾ ಬಾಡಿಸಬೇಕ್ರಿ. ನೀವು ನೀರ ಬಿಟ್ಟಿದ್ದಕ್ಕ ನಮ್ಮಪ್ಪನ ತ್ವಾಟದಾಗ ಒಂದ್ ಹೂವೂ ಬರಲಿಲ್ಲ.”

ನಾನು ಮಗಳಿಗೆ ಕಣ್ಸನ್ನೆ ಮಾಡಿದೆ, ಅವಳು ಈ ಕಡೆ ನೋಡಲೇ ಇಲ್ಲ. ಬೀಗರು ಲೋಟ ಕೆಳಗಿಟ್ಟರು. “ಹೌದೇನ ಯವ್ವಾ? ಎಂಥಾ ಕೆಲಸ ಆತು! ಮತ್ತ ನಿಮ್ಮಪ್ಪ ಛಲೋ ಮಾಡಿದ್ರಿ ಅಂದ್ರಲ್ಲ?”

ಎಲ್ಲರೂ ನನ್ನ ಕಡೆ ನೋಡಿದರು. ತೋಟ ಹಾಳು ಮಾಡಿದವರು ಅವರು, ತಪ್ಪು ಈಗ ನನ್ನದಾಗಿತ್ತು! ಮಗಳು ಮಾವನ ಲೋಟಕ್ಕೆ ಇನ್ನಷ್ಟು ಶರಬತ್ತು ಹೊಯ್ದಳು. ಅವರು “ಮುಂದಿನ ದಸರಿಗೆ ನನಗ ಸಲಿಕಿ ಕೊಡಬ್ಯಾಡ್ರಿ” ಎಂದು ನಕ್ಕು ಕುಡಿದರು. ನನ್ನ ಮಗಳು ನಿಡಗುಂದಿಯ ಮಣ್ಣಿನಲ್ಲಿ ಎಂದೋ ಬೇರು ಬಿಟ್ಟಿದ್ದಳು. ಅವಳ ಸಲುವಾಗಿ ಅಂತ ಇಷ್ಟು ವರ್ಷ ಬಾಡುತ್ತ ನಿಂತಿದ್ದವನು ನಾನೊಬ್ಬನೇ.