ಮಗಳು ನನಗೂ ಹೇಳದ ರೂಮ್ ನಂಬರ್

ಎಂಟನೆಯ ರೊಟ್ಟಿ ಹಂಚಿನ ಮೇಲಿತ್ತು. ಕೈತುಂಬ ಜೋಳದ ಹಿಟ್ಟು. ಫೋನ್ ಬಂತು, ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

"ಅವ್ವಾ, ಆಕಿ ಸೇಫ್ ಅದಾಳ. ನಿನಗ ಹೇಳು ಅಂತ ಆಕಿನೇ ಅಂದ್ಲು," ಅಂದಳು ಮಗಳು ಶ್ವೇತಾ.

ರೊಟ್ಟಿ ಸೀದುಹೋಯಿತು. ಹೋಗಲಿ. ನಮ್ಮ ಮನೆದೇವರು ಮಲ್ಲಯ್ಯ ದೊಡ್ಡವನು.

ಶ್ವೇತಾ ಒಂದು ಹೋಟೆಲಿನ ರಿಸೆಪ್ಶನ್‌ನಲ್ಲಿದ್ದಾಳೆ. ಇದು ಮುಂಬೈ ಭಾಂಡುಪಿನ ನಮ್ಮ ಬಿಲ್ಡಿಂಗಿಗೆಲ್ಲ ಗೊತ್ತು. (ಹೇಳಿದವಳು ನಾನೇ.) ನಾಲ್ಕು ದಿನದ ಹಿಂದೆ ಒಬ್ಬ ಫೋನ್ ಮಾಡಿದ. ಪಕ್ಕದ ಮನೆಯ ಶಾಂತಕ್ಕ ನನ್ನ ನಂಬರ್ ಕೊಟ್ಟಿದ್ದಳಂತೆ.

"ಅಕ್ಕಾರ, ನಾ ವಿಜಯಪುರದ ಕಡೆಯಂವ. ನನ್ನ ತಂಗಿ ನಿಮ್ಮ ಮಗಳ ಹೋಟೆಲ್‌ದಾಗ ಅದಾಳ. ಫೋನ್ ಎತ್ತವಲ್ಲಳು. ತಾಯಿಗೆ ಆರಾಮಿಲ್ರಿ. ರೂಮ್ ನಂಬರ್ ಒಂದು ಕೇಳಿ ಕೊಡ್ರಿ."

ನಮ್ಮೂರ ಮಾತು ಕಿವಿಗೆ ಬಿದ್ದರೆ ನಾವು ಕರಗುತ್ತೇವೆ, ಅಲ್ಲವೇ? ಲೋಕಲ್ ಟ್ರೇನಿನಲ್ಲಿ ಯಾರೋ "ಯಾವೂರ್ರಿ?" ಅಂದರೆ ಸಾಕು. ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಮಗಳ ನೌಕರಿ, ಗಂಡನ ಡ್ಯೂಟಿ, ಮನೆಯ ನಂಬರ್ ಎಲ್ಲ ಒಪ್ಪಿಸಿರುತ್ತೇವೆ.

ತಕ್ಷಣ ಶ್ವೇತಾಗೆ ಫೋನ್ ಹಚ್ಚಿ, ಅವನು ಕೊಟ್ಟ ತಂಗಿಯ ಹೆಸರು ಹೇಳಿದೆ.

"ಆ ಹೆಸರಿನವರು ಇಲ್ಲಿ ಅದಾರೋ ಇಲ್ಲೋ, ಅದನ್ನೂ ಹೇಳಾಂಗಿಲ್ಲ ಅವ್ವಾ. ರಿಸೆಪ್ಶನ್‌ದಾಗ ಮೆಸೇಜ್ ಬಿಡ್ಲಿ."

"ನಾ ನಿನ್ನ ತಾಯಿ ಅದೀನಿ."

"ಮನಿಯಾಗ ತಾಯಿ. ಇಲ್ಲಿ ನೀ ಬರೇ ಫೋನ್ ಮಾಡೋ ಕಾಲರ್. ಆ ಮನಶ್ಯಾನ ನಂಬರ್ ಕಳಸು."

ನಂಬರ್ ಕಳಿಸಿದೆ. ಆದರೆ ಎರಡು ದಿನ ಅವಳೊಡನೆ ಮಾತು ಬಿಟ್ಟೆ. ದೀಪ ಹಚ್ಚಿ, ಇಂಥ ಕಲ್ಲು ಮನಸ್ಸಿನವಳನ್ನು ನನಗೇ ಯಾಕೆ ಕೊಟ್ಟೆ ಅಂತ ಮಲ್ಲಯ್ಯನಿಗೆ ದೂರಿದೆ.

ಇವತ್ತು ಉತ್ತರ ಬಂತು. ಅವನು ಅಣ್ಣನಲ್ಲ, ಗಂಡ. ಹೊಡೆತ ತಾಳದೆ ಮನೆ ಬಿಟ್ಟು, ನರ್ಸ್ ಕೆಲಸದ ಇಂಟರ್‌ವ್ಯೂಗೆ ಬಂದಿದ್ದಳು ಆಕೆ. ನನ್ನ ಫೋನ್ ಇಟ್ಟ ಕೂಡಲೇ ಶ್ವೇತಾ ಆಕೆಯ ರೂಮಿಗೆ ಹೋಗಿ, ಯಾರೋ ಹುಡುಕುತ್ತಿದ್ದಾರೆಂದು ತಿಳಿಸಿ ಆ ನಂಬರ್ ತೋರಿಸಿದ್ದಳು. ಆಕೆ ಗುರುತು ಹಿಡಿದಳು. ರಾತ್ರಿಯೊಳಗೆ ರೂಮೇ ಬದಲಾಯಿತು.

ನಿನ್ನೆ ಅವನು ಪೇಢೆಯ ಡಬ್ಬಿ ಹಿಡಿದು ಹೋಟೆಲಿಗೇ ಬಂದ. ಶ್ವೇತಾ ನಗುನಗುತ್ತ ಅದೇ ಮಾತು ಹೇಳಿದಳು: ಅದಾರೋ ಇಲ್ಲೋ, ಹೇಳಾಂಗಿಲ್ಲ. ಸೆಕ್ಯೂರಿಟಿಯವರು ಸೋಫಾದಲ್ಲಿ ಕೂರಿಸಿ ನೀರು ಕೊಟ್ಟರು. ನೀರು ಮುಗಿಯುವಷ್ಟರಲ್ಲಿ ಪೊಲೀಸರು ಬಂದರು. ಶ್ವೇತಾ ಮೇಲೆ ಸುದ್ದಿ ಮುಟ್ಟಿಸಿದ ಕೂಡಲೇ ಆಕೆಯೇ ಕರೆಸಿದ್ದಳು.

ಇವತ್ತು ನಿಜವಾದ ಅಣ್ಣ ಬಂದ. ಅವನನ್ನೂ ಕೆಳಗೇ ನಿಲ್ಲಿಸಿ, ಆಕೆಯನ್ನು ಕೇಳಿಯೇ ಮೇಲೆ ಬಿಟ್ಟರಂತೆ. ಆಕೆಗೆ ನರ್ಸ್ ಕೆಲಸವೂ ಸಿಕ್ಕಿದೆ. (ಇದನ್ನು ಬರೆಯಲು ಆಕೆಯ ಒಪ್ಪಿಗೆ ಇದೆ, ಹೆಸರು ಬಿಟ್ಟು.)

ಒಂದು ರೊಟ್ಟಿ ಸೀದಿತು, ಒಂದು ಜೀವ ಉಳಿಯಿತು. ಮಗಳ ಮೇಲಿನ ದೂರನ್ನು ಮಲ್ಲಯ್ಯನ ಮುಂದೆ ವಾಪಸ್ ತೆಗೆದುಕೊಂಡೆ. ಮಾತು ಬಿಟ್ಟದ್ದಕ್ಕೆ ಅವಳ ಕ್ಷಮೆಯನ್ನೂ ಕೇಳಿದೆ. "ಇರ್ಲಿ ಕಾಲರ್," ಅಂದಳು.

ಸ್ಪೀಕರಿನ ಸದ್ದಿಗೆ ಶಾಂತಕ್ಕ ಬಾಗಿಲಿಗೆ ಬಂದಿದ್ದಳು.

"ಚಲೋ ಆತು ಬಿಡು. ಯಾವ ಆಸ್ಪತ್ರಿ ಅಂತ?"

"ಗೊತ್ತಿದ್ರೂ ಹೇಳಾಂಗಿಲ್ಲ ಶಾಂತಕ್ಕಾ," ಅಂದು ಒಂಬತ್ತನೆಯ ರೊಟ್ಟಿ ತಟ್ಟಲು ಹಿಟ್ಟು ನಾದಿದೆ.